ಬಯಸಿದ ಕಷ್ಟ, ಬಂದೊದಗಿದ ಕಷ್ಟ

ಬೆಳಗಿನ ಆರು ಗಂಟೆಗೆ ಮೈಸೂರಿನ ಯಾದವಗಿರಿಯಲ್ಲಿ, ಆಕಾಶವಾಣಿಯ ಆಸುಪಾಸಿನ ಏರುರಸ್ತೆಗಳಲ್ಲಿ ನಿಂತು ನೋಡಿದರೆ ಎರಡು ಬಗೆಯ ಜನ ನಡೆಯುವುದು ಕಾಣುತ್ತದೆ. ಕ್ಯಾನ್ವಾಸ್ ಷೂ ತೊಟ್ಟು ಬಿರಬಿರನೆ ಹೆಜ್ಜೆ ಹಾಕುವವರು ಮೊದಲನೆಯವರು. ಇವರಲ್ಲಿ ಹೆಚ್ಚಿನವರ ಮನೆ ಮುಂದೆ ಕಾರು ಅಥವಾ ಸ್ಕೂಟರ್ ನಿಂತಿದೆ. ಸ್ಕೂಟರಿನಲ್ಲೇ ಬಂದು, ಅದನ್ನು ಮರದಡಿ ನಿಲ್ಲಿಸಿ, ಆಮೇಲೆ ನಡೆಯಲು ತೊಡಗುವವರೂ ಉಂಟು. ಎರಡನೆಯವರು ಮನೆಗೆಲಸಕ್ಕೆ ಬರುವ ಹೆಂಗಸರು, ಪೌರಕಾರ್ಮಿಕರು, ಪೇಪರ್ ಹಾಕುವ ಹುಡುಗರು. ರಸ್ತೆ ಒಂದೇ, ಏರು ಒಂದೇ. ಮೊದಲಿನವರನ್ನು ನಡೆಸುತ್ತಿರುವುದು ವೈದ್ಯರ ಸಲಹೆ, ಎರಡನೆಯವರನ್ನು ನಡೆಸುತ್ತಿರುವುದು ಹೊಟ್ಟೆಪಾಡು.

ನಮ್ಮ ಮನೆಯೊಳಗೇ ಈ ಎರಡೂ ಬಗೆ ಇದೆ. ಐವತ್ತು ತುಂಬುವ ಮೊದಲೇ ತಂದೆಯವರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಎಂಬತ್ತು ದಾಟಿದ ಅಜ್ಜಿಗೆ ಸಕ್ಕರೆ ಇಲ್ಲ. ಆದರೆ ಬೆನ್ನು ಬಾಗಿದೆ, ಮಂಡಿ ಮಡಚಿ ಕೂರಲು ಆಗುವುದಿಲ್ಲ. "ನಿನ್ನ ಕಾಲವೇ ಚೆನ್ನಾಗಿತ್ತು ಕಣಮ್ಮ, ಮೈ ಬಗ್ಗಿಸಿ ದುಡೀತಿದ್ರಿ, ಕಾಯಿಲೆ ಇರಲಿಲ್ಲ" ಎಂದು ಅಪ್ಪ ಒಮ್ಮೆ ಹೇಳಿದಾಗ ಅಜ್ಜಿ, "ರಾಗಿಕಲ್ಲು ಇನ್ನೂ ಹಿತ್ತಲಲ್ಲೇ ಬಿದ್ದದೆ ಕಣಪ್ಪ. ನಾಳೆಯಿಂದ ನೀನೇ ಬೀಸು" ಎಂದುಬಿಟ್ಟರು.

ಸುಖ ಹೆಚ್ಚಾಗಿ ನಮ್ಮ ಆರೋಗ್ಯ ಕೆಟ್ಟಿತು, ಕಷ್ಟವೇ ದೇಹವನ್ನು ಗಟ್ಟಿ ಮಾಡುತ್ತದೆ ಎಂಬ ಮಾತು ಹಳೆಯದು. ಈಗ ಅದಕ್ಕೆ ಹೊಸ ಬೇಡಿಕೆ ಬಂದಿದೆ. ಉಪವಾಸ, ತಣ್ಣೀರು ಸ್ನಾನ, ಬರಿಗಾಲಿನ ನಡಿಗೆ, ಮಂಜುಗಡ್ಡೆಯ ತೊಟ್ಟಿಯಲ್ಲಿ ಮುಳುಗುವುದು, ಎಲ್ಲಕ್ಕೂ ಅನುಯಾಯಿಗಳಿದ್ದಾರೆ. ಈ ಮಾತು ಎಷ್ಟು ನಿಜ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಸುಮಾರು ನೂರೈವತ್ತು ವರ್ಷಗಳ ಮೈಸೂರಿನ ಚರಿತ್ರೆಯಲ್ಲೇ ಎರಡೂ ಪಕ್ಷಕ್ಕೆ ಸಾಕ್ಷಿಗಳಿವೆ.

ಕಷ್ಟದ ಕಾಲ ಎಂದರೆ ಯಾವುದು?

ಹಿಂದಿನವರು ಕಷ್ಟಪಟ್ಟರು, ಆದ್ದರಿಂದ ಗಟ್ಟಿಯಾಗಿದ್ದರು ಎನ್ನುವವರು ಮೊದಲು ಧಾತು-ಈಶ್ವರ ಸಂವತ್ಸರಗಳ ಬರವನ್ನು ನೆನೆಯಬೇಕು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಬರ ಅದು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. 1881ರ ಗಣತಿಯ ಹೊತ್ತಿಗೆ ಅದು ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಸತ್ತವರು ಹತ್ತು ಲಕ್ಷದಷ್ಟು ಎಂಬುದು ಅಂದಾಜು. ಅಲ್ಲಿ ಉಪವಾಸ ಯಾರ ವ್ರತವೂ ಆಗಿರಲಿಲ್ಲ.

ಬರ ಕಳೆದು ಇಪ್ಪತ್ತು ವರ್ಷಕ್ಕೆ, 1898ರಲ್ಲಿ, ಪ್ಲೇಗು ಬಂತು. ಬೆಂಗಳೂರಿನಲ್ಲಿ ಕಾಣಿಸಿಕೊಂಡ ಮಾರಿ ಮೈಸೂರನ್ನೂ ಬಿಡಲಿಲ್ಲ. ಇಕ್ಕಟ್ಟಾದ ಕೇರಿ, ಗಾಳಿ ಬೆಳಕಿಲ್ಲದ ಮನೆ, ಚರಂಡಿಯಿಲ್ಲದ ಬೀದಿಗಳಲ್ಲಿ ಇಲಿ ಬಿದ್ದವು, ಹಿಂದೆಯೇ ಜನ ಬಿದ್ದರು. ಊರು ಬಿಟ್ಟು ಗುಡಿಸಲು ಹಾಕಿಕೊಂಡು ಬಯಲಿನಲ್ಲಿ ವಾಸಿಸಿದ ಕತೆಗಳು ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿವೆ.

ಆ ಪೆಟ್ಟಿನ ನಂತರವೇ ಸಂಸ್ಥಾನ ನಗರವನ್ನು ಬಿಡಿಸಿ ಕಟ್ಟಲು ಮುಂದಾದದ್ದು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಕಾಯ್ದೆ ಬಂತು. ಅಗಲವಾದ ರಸ್ತೆ, ಮನೆಯ ಸುತ್ತ ಜಾಗ, ಚರಂಡಿ, ಹೊಸ ಬಡಾವಣೆ ಎಂಬ ಕಲ್ಪನೆಗಳು ಊರಿನಲ್ಲಿ ಬೇರೂರಿದವು. ನಲ್ಲಿಯ ನೀರು ಬಂತು. ಶಿವನಸಮುದ್ರದಲ್ಲಿ 1902ರಿಂದ ಉತ್ಪಾದನೆಯಾಗುತ್ತಿದ್ದ ವಿದ್ಯುತ್ತು 1908ರಲ್ಲಿ ಮೈಸೂರನ್ನು ಬೆಳಗಿತು. ನಂತರದ ವರ್ಷಗಳಲ್ಲಿ ಬೆಳೆದ ಯಾದವಗಿರಿಯಂಥ ಬಡಾವಣೆಗಳು ಇದೇ ಯೋಚನೆಯ ಮಕ್ಕಳು. ಕಾದಂಬರಿಕಾರ ಆರ್. ಕೆ. ನಾರಾಯಣ್ ಇಲ್ಲಿ ಮನೆ ಕಟ್ಟಿಸಿದ್ದು, ಊರೆಲ್ಲ ಸುತ್ತುವ ನಡಿಗೆಯನ್ನು ದಿನಚರಿ ಮಾಡಿಕೊಂಡದ್ದು ನಮಗೆ ಗೊತ್ತು. ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಆದರೆ ನಡೆಯಬೇಕೆನಿಸುವಂಥ ರಸ್ತೆ ಊರಿಗೆ ತಾನಾಗಿ ಬಂದದ್ದಲ್ಲ, ಸಾವಿನ ಪಾಠದಿಂದ ಬಂದದ್ದು.

ಹಾಗಾಗಿ ಆಧುನಿಕ ಸೌಕರ್ಯವನ್ನು ಒಂದೇ ಗಂಟು ಕಟ್ಟಿ ಬೈಯುವಂತಿಲ್ಲ. ಶುದ್ಧ ನೀರು, ಚರಂಡಿ, ಹೆರಿಗೆ ಆಸ್ಪತ್ರೆ, ಲಸಿಕೆ ಇವೂ ಸೌಕರ್ಯಗಳೇ.

ಗರಡಿಯ ಮಟ್ಟಿ, ಅರಮನೆಯ ಯೋಗಶಾಲೆ

ಇನ್ನೊಂದು ಪಕ್ಷದ ಸಾಕ್ಷಿಯೂ ಇಲ್ಲೇ ಇದೆ. ದೇಹವನ್ನು ಬೇಕೆಂದೇ ದಂಡಿಸುವ ವಿದ್ಯೆಗೆ ಮೈಸೂರು ದೊಡ್ಡ ಹೆಸರು. ಹಳೆಯ ಮೊಹಲ್ಲಾಗಳ ಗರಡಿಮನೆಗಳಲ್ಲಿ ಹುಡುಗರು ನಸುಕಿನಲ್ಲೆದ್ದು ಕೆಮ್ಮಣ್ಣಿನ ಮಟ್ಟಿಗೆ ಇಳಿಯುತ್ತಿದ್ದರು. ದಂಡ, ಬಸ್ಕಿ, ಗದೆ, ಕಲ್ಲಿನ ಗುಂಡು, ಆಮೇಲೆ ಪಟ್ಟುಗಳು. ದಸರಾ ಕುಸ್ತಿಗೆ ಜೋಡಿ ಕಟ್ಟುವ ಸಂಭ್ರಮ ಇಂದಿಗೂ ಇದೆ. ವಿಜಯದಶಮಿಯಂದು ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ.

ಗರಡಿಯ ಕಷ್ಟದಲ್ಲಿ ಒಂದು ಲೆಕ್ಕವಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಸಾಮು ಮಾಡುವ ಹುಡುಗನಿಗೆ ಮನೆಯವರು ಹಾಲು, ತುಪ್ಪ, ಬಾದಾಮಿ ಹೊಂದಿಸುತ್ತಿದ್ದರು. ಎಷ್ಟು ದಂಡ ಸಾಕು, ಯಾವಾಗ ಮಟ್ಟಿಯಿಂದ ಏಳಬೇಕು ಎಂದು ಹೇಳಲು ಉಸ್ತಾದರಿದ್ದರು. ವಜ್ರಮುಷ್ಟಿಯಂಥ ಉಗ್ರ ಕಾಳಗಕ್ಕೂ ಎಲ್ಲೆಯಿದೆ: ಎದುರಾಳಿಯ ತಲೆಯಲ್ಲಿ ರಕ್ತ ಚಿಮ್ಮಿದೊಡನೆ ಅದು ನಿಲ್ಲುತ್ತದೆ. ಜೆಟ್ಟಿಗಳು ಮುರಿದ ಮೂಳೆ ಕೂಡಿಸುವ ವಿದ್ಯೆಗೂ ಹೆಸರಾದವರು. ಪೆಟ್ಟಿನ ಜೊತೆಯಲ್ಲೇ ಆರೈಕೆಯೂ ಇತ್ತು.

ಅದೇ ಊರಿನಲ್ಲಿ, 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ತಿರುಮಲೈ ಕೃಷ್ಣಮಾಚಾರ್ಯರು ಅಲ್ಲಿನ ಗುರುಗಳು. ಅವರು 'ಯೋಗ ಮಕರಂದ'ವನ್ನು ಬರೆದದ್ದು ಕನ್ನಡದಲ್ಲಿ. 1950ರಲ್ಲಿ ಶಾಲೆ ಮುಚ್ಚಿತಾದರೂ ಅಲ್ಲಿ ಕಲಿತವರು ಜಗತ್ತಿಗೆ ಯೋಗ ಕಲಿಸಿದರು. ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದಲ್ಲಿ, ಮುಂದೆ ಗೋಕುಲದಲ್ಲಿ ಪಾಠ ಮಾಡಿದರು. ಮೈಸೂರಿಗೆ ವಿದೇಶಿ ಶಿಷ್ಯರ ದಂಡು ಬರಲು ಅವರೇ ಮುಖ್ಯ ಕಾರಣ.

ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದವರು ಮತ್ತೊಬ್ಬ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್. ಅವರು ಹುಟ್ಟಿದ್ದು 1918ರ ಡಿಸೆಂಬರ್‌ನಲ್ಲಿ. ಇನ್‌ಫ್ಲುಯೆಂಜಾ ಜಗತ್ತನ್ನೇ ಕಾಡಿದ ವರ್ಷ ಅದು. ಗರ್ಭಿಣಿ ತಾಯಿಗೂ ಆ ಜ್ವರ ತಗುಲಿತ್ತು. ಮಗು ಹುಟ್ಟಿದ್ದೇ ಬಡಕಲಾಗಿ. ಮುಂದೆ ಮಲೇರಿಯಾ, ಟೈಫಾಯಿಡ್, ಕ್ಷಯ ಒಂದರ ಹಿಂದೊಂದು ಬಂದವು. ಒಂಬತ್ತರ ವಯಸ್ಸಿಗೆ ತಂದೆ ತೀರಿಕೊಂಡರು. ಹದಿಹರೆಯದಲ್ಲಿ ಅವರನ್ನು ಮೈಸೂರಿಗೆ ಕರೆಸಿಕೊಂಡ ಕೃಷ್ಣಮಾಚಾರ್ಯರು ಅವರ ಅಕ್ಕನ ಗಂಡ.

ಅಯ್ಯಂಗಾರರ ಜೀವನದ ಮೊದಲ ಭಾಗ ತಾನಾಗಿ ಬಂದೊದಗಿದ ಕಷ್ಟ. ಅದು ಅವರನ್ನು ಗಟ್ಟಿ ಮಾಡಲಿಲ್ಲ, ಸಾವಿನ ಅಂಚಿಗೆ ಒಯ್ದಿತ್ತು. ಆಸನಗಳ ಅಭ್ಯಾಸ ಅವರನ್ನು ಎತ್ತಿ ನಿಲ್ಲಿಸಿತು. ಆದರೆ ಅಲ್ಲಿಯೂ ಅಳತೆ ತಪ್ಪಿದಾಗ ಪೆಟ್ಟು ಬಿತ್ತು. ಗುರುಗಳ ಆಜ್ಞೆಯಂತೆ, ಸಿದ್ಧತೆಯಿಲ್ಲದೆ, ಜನರೆದುರು ಹನುಮಾನಾಸನ ಹಾಕಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋದ ಅವರು ಮುಂದೆ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳನ್ನು ಯೋಗಾಭ್ಯಾಸಕ್ಕೆ ತಂದರು. ನೆಲ ಮುಟ್ಟಲಾಗದವನ ಕೈಗೆ ಇಟ್ಟಿಗೆ, ನಿಲ್ಲಲಾಗದವನಿಗೆ ಕುರ್ಚಿ. ಶಿಷ್ಯರ ಜೊತೆ ತಾವೂ ಕಠಿಣರೆಂದೇ ಹೆಸರಾಗಿದ್ದ ಈ ಗುರು, ಕಷ್ಟವನ್ನು ಅವರವರ ಶಕ್ತಿಗೆ ತಕ್ಕಂತೆ ಅಳೆದುಕೊಡುವ ದಾರಿ ಕಂಡುಕೊಂಡರು. 2014ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೈದು ವರ್ಷ.

ಕೃಷ್ಣಮಾಚಾರ್ಯರು ನೂರು ವರ್ಷ ಬದುಕಿದರು, ಅಯ್ಯಂಗಾರರು ತೊಂಬತ್ತೈದು. ಇದರಿಂದಲೇ ಯೋಗ ಆಯುಷ್ಯ ಹೆಚ್ಚಿಸುತ್ತದೆ ಎಂದು ಸಿದ್ಧಮಾಡಲಾಗದು. ಬದುಕಿ ಉಳಿದವರ ಕತೆ ಮಾತ್ರ ನಮಗೆ ತಲುಪುತ್ತದೆ. ಅಂಥದೇ ಬಡಕಲು ಮಕ್ಕಳಾಗಿ ಹುಟ್ಟಿ ಐದು ತುಂಬುವ ಮೊದಲೇ ಹೋದವರ ಲೆಕ್ಕ ಯಾವ ಗುರುವಿನ ಚರಿತ್ರೆಯಲ್ಲೂ ಬರುವುದಿಲ್ಲ.

ಮಿಷನ್ ಆಸ್ಪತ್ರೆಯ ಹಳೆಯ ದಫ್ತರಗಳು

ಅಂಥ ಮಕ್ಕಳ ಲೆಕ್ಕ ಮೈಸೂರಿನ ಇನ್ನೊಂದು ಕಡೆ ಸಿಕ್ಕಿತು. ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಡಲಾಗಿತ್ತು. ಬರೆದಿಟ್ಟವರು ಇದು ಅರವತ್ತು ವರ್ಷದ ಮೇಲೆ ಉಪಯೋಗಕ್ಕೆ ಬರುತ್ತದೆಂದು ಎಣಿಸಿರಲಾರರು.

ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯ ವಿಜ್ಞಾನಿ 1980ರ ದಶಕದಲ್ಲಿ ಒಂದು ಹೊಸ ವಾದ ಮುಂದಿಟ್ಟಿದ್ದರು. ತಾಯಿಯ ಗರ್ಭದಲ್ಲಿ ಪೋಷಣೆ ಸಾಲದೆ ಹುಟ್ಟಿದ ಮಗು ಐವತ್ತು ಅರವತ್ತರ ವಯಸ್ಸಿನಲ್ಲಿ ಹೃದ್ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ ಎಂಬುದು ಆ ವಾದ. ಅದನ್ನು ನಮ್ಮ ದೇಶದಲ್ಲಿ ಪರೀಕ್ಷಿಸಲು ಮೈಸೂರಿನ ದಫ್ತರಗಳು ನೆರವಾದವು. 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಅದರ ಸುತ್ತಮುತ್ತಲೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಲಾಯಿತು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಸುಮಾರು ಮೂರು ಕಿಲೋ ನೂರು ಗ್ರಾಂಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ.

ಎರಡು ವರ್ಷದ ನಂತರ ಪ್ರಕಟವಾದ ಸಕ್ಕರೆ ಕಾಯಿಲೆಯ ಅಧ್ಯಯನ ಇನ್ನೂ ಕುತೂಹಲಕರ. ಇಲ್ಲಿ ಬರೀ ತೂಕ ಕಡಿಮೆ ಇದ್ದವರಿಗೆ ಕಾಯಿಲೆ ಹೆಚ್ಚು ಎಂಬ ಸರಳ ಉತ್ತರ ಸಿಗಲಿಲ್ಲ. ಹುಟ್ಟಿದಾಗ ಉದ್ದ ಕಡಿಮೆಯಿದ್ದು, ಆ ಉದ್ದಕ್ಕೆ ಹೋಲಿಸಿದರೆ ಗುಂಡಗಿದ್ದವರಲ್ಲಿ ಮತ್ತು ತೂಕದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಅಂದರೆ ಕೊರತೆಯ ಗುರುತು ಮತ್ತು ಸಮೃದ್ಧಿಯ ಗುರುತು ಒಂದೇ ಮೈಯಲ್ಲಿ ಸೇರಿದ್ದವು. ಕೊರತೆಗೆ ಹೊಂದಿಕೊಂಡ ದೇಹಕ್ಕೆ ಒಂದೆರಡು ತಲೆಮಾರಿನಲ್ಲೇ ಬಿಳಿ ಅನ್ನ, ಸಕ್ಕರೆ, ಕೂತ ಕೆಲಸ ಎಲ್ಲ ಒಟ್ಟಿಗೆ ದೊರೆತರೆ ಅದು ತಾಳಿಕೊಳ್ಳುವುದು ಕಷ್ಟ ಎಂದು ಅನೇಕ ವಿಜ್ಞಾನಿಗಳು ಇದನ್ನು ವಿವರಿಸುತ್ತಾರೆ.

ಹಾಗಾದರೆ ಅಪ್ಪನ ಸಕ್ಕರೆ ಕಾಯಿಲೆಗೆ ಅಪ್ಪನ ಸುಖವೊಂದೇ ಕಾರಣವಾಗಿರಬೇಕಿಲ್ಲ. ಅದರಲ್ಲಿ ಅಜ್ಜಿ ಬಸುರಿಯಾಗಿದ್ದಾಗ ಉಂಡ, ಉಣ್ಣದ ಊಟದ ಪಾಲೂ ಇರಬಹುದು. ಯಾವೊಬ್ಬ ರೋಗಿಯ ವಿಷಯದಲ್ಲೂ ಇದನ್ನು ಖಚಿತವಾಗಿ ಹೇಳಲಾಗದು. ಆದರೆ 'ಹಿಂದಿನವರ ಕಷ್ಟ, ಇಂದಿನವರ ಸುಖ' ಎಂದು ಎರಡು ಕಂಬ ನೆಟ್ಟು ನಡುವೆ ಗೆರೆ ಎಳೆಯುವುದು ತಪ್ಪೆಂದು ಹೇಳಲು ಇಷ್ಟು ಸಾಕು.

ಕೂತವರ ಕೇಡು

ಹಾಗೆಂದು ಸುಖ ನಿರಪರಾಧಿಯಲ್ಲ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಸ್ಪಷ್ಟವಾಗಿ ಕಡಿಮೆ ಇತ್ತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಅವರ ಕಸುವನ್ನು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಹೆಚ್ಚು ಕುಗ್ಗಿಸಿತ್ತು ಎಂದು ತಿಳಿಯಿತು.

ಕಾರಣ ಸರಳ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ. ಭಾರ ಬಿದ್ದ ಮೂಳೆ ಗಟ್ಟಿಯಾಗುತ್ತದೆ. ಏದುಸಿರು ಬಂದಷ್ಟೂ ಹೃದಯ ಪಳಗುತ್ತದೆ. ಆದರೆ ಸ್ನಾಯು ಬೆಳೆಯುವುದು ದುಡಿಯುವಾಗ ಅಲ್ಲ, ದುಡಿದ ಮೇಲಿನ ಊಟ ಮತ್ತು ನಿದ್ದೆಯಲ್ಲಿ. ಈ ಎರಡನೆಯ ಭಾಗ ತಪ್ಪಿದರೆ ಮೊದಲನೆಯದು ಬರೀ ಸವೆತ.

ಅಮೆರಿಕದ ಮಿನೆಸೋಟದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಇದನ್ನೇ ತೋರಿಸಿತು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಚೇತರಿಸುವ ಬಗೆ ತಿಳಿಯಲು 36 ಯುವಕರು ತಾವಾಗಿಯೇ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ದೇಹದ ತೂಕದ ಕಾಲುಭಾಗ ಕರಗಿತು. ಜೊತೆಗೆ ಮನಸ್ಸೂ ಕುಸಿಯಿತು. ಖಿನ್ನತೆ, ಸಿಡುಕು, ಹಗಲಿರುಳೂ ಅನ್ನದ್ದೇ ಧ್ಯಾನ. ಬಯಸಿ ತಂದುಕೊಂಡ ಕಷ್ಟವೇ ಆದರೂ ಅಳತೆ ಮೀರಿದ ಮೇಲೆ ದೇಹ ಅದನ್ನು ಬರವೆಂದೇ ಎಣಿಸಿತು. ಸರಳ ಜೀವನ, ಉಪವಾಸಗಳಿಗೆ ನಮ್ಮ ಕಾಲದ ದೊಡ್ಡ ಹೆಸರಾದ ಗಾಂಧೀಜಿಯವರೂ 1927ರಲ್ಲಿ ಪ್ರವಾಸದ ಬಳಲಿಕೆಯಿಂದ ಕುಸಿದು, ವೈದ್ಯರ ಮಾತಿಗೆ ತಲೆಬಾಗಿ ನಂದಿಬೆಟ್ಟದ ತಂಪಿನಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆಯಬೇಕಾಯಿತು.

ರಾಗಿಕಲ್ಲಿನ ಲೆಕ್ಕ

ಈಗ ಅಜ್ಜಿಯ ರಾಗಿಕಲ್ಲಿಗೆ ಬರೋಣ. ಬೀಸುವುದು ಒಳ್ಳೆಯ ವ್ಯಾಯಾಮ ಎಂದು ಇಂದು ಹೇಳುವವರಿದ್ದಾರೆ. ತೋಳು, ಹೆಗಲು, ಬೆನ್ನಿಗೆ ಅದು ವ್ಯಾಯಾಮ ನಿಜ. ಆದರೆ ಗರಡಿಯ ಹುಡುಗನಿಗೆ ಸಿಕ್ಕ ಹಾಲು ತುಪ್ಪ ಬೀಸುವ ಹೆಂಗಸಿಗೆ ಸಿಗಲಿಲ್ಲ. ಸಾಕು, ಏಳು ಎನ್ನುವ ಉಸ್ತಾದನೂ ಇರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಬೀಸಿ, ನೀರು ಸೇದಿ, ಒಲೆ ಊದಿ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣಬೇಕಿತ್ತು. ಜ್ವರ ಬಂದ ದಿನವೂ, ಬಸುರಿಯಾದಾಗಲೂ ಬೀಸಬೇಕಿತ್ತು. ಬೀಸುವಾಗ ಹಾಡುತ್ತಿದ್ದರೆಂದರೆ ಸುಖವಾಗಿದ್ದರೆಂದಲ್ಲ, ಆ ದಣಿವಿಗೆ ಜೊತೆ ಬೇಕಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಯಾವ ಹೆಂಗಸೂ ತನ್ನ ವ್ಯಾಯಾಮ ಹೋಯಿತೆಂದು ಅತ್ತದ್ದನ್ನು ನಾನು ಕೇಳಿಲ್ಲ.

ಕಷ್ಟ ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಗೆ ಮೈಸೂರಿನ ಚರಿತ್ರೆ ಕೊಡುವ ಉತ್ತರ ಇದು: ಅದನ್ನು ನಿಲ್ಲಿಸುವ ಹಕ್ಕು ಯಾರ ಕೈಯಲ್ಲಿದೆ, ಅದರ ಹಿಂದೆ ಊಟವೂ ನಿದ್ದೆಯೂ ಇವೆಯೇ ಎಂದು ಮೊದಲು ಕೇಳಬೇಕು. ಎರಡಕ್ಕೂ ಒಪ್ಪುವ ಉತ್ತರ ಬಂದರೆ ಆ ಕಷ್ಟ ಮದ್ದು, ಇಲ್ಲವಾದರೆ ಸವೆತ. ಹಾಗೆ ನೋಡಿದರೆ ಕಷ್ಟವನ್ನು ಆರಿಸಿಕೊಳ್ಳಲು ಸಾಧ್ಯವಾಗುವುದೇ ಒಂದು ಸೌಕರ್ಯ. ಅದಕ್ಕೆ ಬಿಡುವು ಬೇಕು, ಹೊಟ್ಟೆ ತುಂಬಿರಬೇಕು, ನಡೆಯಲು ಒಳ್ಳೆಯ ರಸ್ತೆ ಬೇಕು.

ಈ ಸೌಕರ್ಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಷ್ಟಾದರೂ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರ ಅಂದಾಜಿನಲ್ಲಿ ಭಾರತದ ಗಂಡಸರಲ್ಲಿ ನೂರಕ್ಕೆ 42 ಮಂದಿ, ಹೆಂಗಸರಲ್ಲಿ ನೂರಕ್ಕೆ 57 ಮಂದಿ ಅಷ್ಟು ಮಾಡುತ್ತಿರಲಿಲ್ಲ. ರಾಗಿಕಲ್ಲು ಹೋಯಿತು, ಒಳ್ಳೆಯದೇ ಆಯಿತು. ಆದರೆ ಅದು ಉಳಿಸಿದ ಹೊತ್ತು ಹೆಂಗಸಿನ ಕೈಗೆ ಬಂದಿತೇ ಎಂಬುದು ಬೇರೆ ಪ್ರಶ್ನೆ.

ನಮ್ಮ ಮನೆಯಲ್ಲಿ ಬಂದಿರಲಿಲ್ಲ. ಅಪ್ಪ ಬೆಳಿಗ್ಗೆ ನಡೆಯಲು ಹೋಗುತ್ತಿದ್ದರು. ಅವರು ಹಿಂದಿರುಗುವ ಹೊತ್ತಿಗೆ ಕಾಫಿ, ತಿಂಡಿ ಸಿದ್ಧವಿರಬೇಕಾದ್ದರಿಂದ ಅಮ್ಮ ಹೋಗುತ್ತಿರಲಿಲ್ಲ. ಈಚೆಗೊಂದು ದಿನ ಅಜ್ಜಿಯೇ ತೀರ್ಪು ಕೊಟ್ಟರು: "ನೆಲದ ಒಲೆ ಆಗಿದ್ರೆ ನನ್ನ ಕೈಲಿ ಆಗ್ತಿರಲಿಲ್ಲ. ಗ್ಯಾಸ್ ಒಲೆ ಮುಂದೆ ನಿಂತ್ಕೊಂಡು ಕಾಫಿ ಕಾಯಿಸೋದಕ್ಕೆ ನನಗೇನು? ನಾಳೆಯಿಂದ ಅವಳನ್ನೂ ಕರ್ಕೊಂಡು ಹೋಗಪ್ಪ."

ಈಗ ಇಬ್ಬರೂ ಹೋಗುತ್ತಿದ್ದಾರೆ. ತಿಂಡಿ ಮಾತ್ರ ಅರ್ಧ ಗಂಟೆ ತಡ.